ಮರದ ಟಂಗ್ ಡ್ರಮ್ ಕಟ್ಟುವುದು: ಮನೆಯ ಕಾರ್ಯಾಗಾರಕ್ಕೊಂದು ಸಮಗ್ರ ಮಾರ್ಗದರ್ಶಿ

ಮರದ ಪೆಟ್ಟಿಗೆಯೊಂದರ ಮೇಲ್ಹಲಗೆಯಲ್ಲಿ ಮೂರು ಬದಿ ಸೀಳಿ, ನಾಲ್ಕನೆಯ ಬದಿಯನ್ನು ಹಲಗೆಯೊಡನೆ ಹಾಗೆಯೇ ಉಳಿಸಿದರೆ ಒಂದು ನಾಲಗೆ (ಇಂಗ್ಲಿಷಿನಲ್ಲಿ ಟಂಗ್) ಸಿದ್ಧವಾಗುತ್ತದೆ; ಟಂಗ್ ಡ್ರಮ್ ಎಂಬ ಹೆಸರು ಬಂದದ್ದು ಇದರಿಂದಲೇ. ಅದರ ತುದಿಯನ್ನು ರಬ್ಬರ್ ತಲೆಯ ಕೋಲಿನಿಂದ ತಟ್ಟಿದಾಗ ನಾಲಗೆ ಕಂಪಿಸಿ, ಕೆಳಗಿನ ಪೆಟ್ಟಿಗೆಯೊಳಗಿನ ಗಾಳಿಯನ್ನೂ ತನ್ನೊಡನೆ ನುಡಿಸುತ್ತದೆ. ಹೆಸರಿನಲ್ಲಿ ಡ್ರಮ್ ಎಂದಿದ್ದರೂ ಇದರಲ್ಲಿ ಚರ್ಮವಿಲ್ಲ. ನಮ್ಮ ಹಳೆಯ ವಾದ್ಯ ವಿಂಗಡಣೆಯ ಪ್ರಕಾರ ಇದು ಚರ್ಮ ಬಿಗಿದ ಅವನದ್ಧ ವಾದ್ಯವಲ್ಲ, ತನ್ನ ಮೈಯೇ ಕಂಪಿಸಿ ನುಡಿಯುವ ಘನವಾದ್ಯ. ಮೆಕ್ಸಿಕೋದ ಅಜ್ಟೆಕ್ ಜನರು ಬಳಸುತ್ತಿದ್ದ ತೆಪೊನಾಸ್ಟ್ಲಿ ಎಂಬ ವಾದ್ಯದಲ್ಲಿ ಟೊಳ್ಳು ಮಾಡಿದ ಮರದ ದಿಮ್ಮಿಯ ಮೇಲೆ ಎಚ್ ಅಕ್ಷರದ ಆಕಾರದಲ್ಲಿ ಸೀಳಿ, ಎದುರುಬದುರಾದ ಎರಡು ನಾಲಗೆಗಳನ್ನು ಮಾಡುತ್ತಿದ್ದರು ಮತ್ತು ತುದಿಗೆ ರಬ್ಬರ್ ಸುತ್ತಿದ ಕೋಲುಗಳಿಂದ ಅವನ್ನು ನುಡಿಸುತ್ತಿದ್ದರು. ಈ ಲೇಖನದಲ್ಲಿ ನಾವು ಕಟ್ಟಲಿರುವ ಆರು ನಾಲಗೆಗಳ ವಾದ್ಯವೂ ಅದೇ ಎಚ್ ಆಕಾರದ ಮೂರು ಸೀಳುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದ ರೂಪವಾಗಿದೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಇಲ್ಲಿ ಕೊಡುವ ಅಳತೆಗಳೆಲ್ಲ ಆರಂಭದ ಅಳತೆಗಳು. ಕೊನೆಯ ಅಳತೆಯನ್ನು ನಿಮ್ಮ ಕೈಯಲ್ಲಿರುವ ಹಲಗೆಯೇ ನಿರ್ಧರಿಸುತ್ತದೆ. ಒಂದೇ ಮರದ ಎರಡು ಹಲಗೆಗಳೂ ಒಂದೇ ರೀತಿ ನುಡಿಯುವುದಿಲ್ಲ. ಆದ್ದರಿಂದ ಮೊದಲಿಗೆ ಸೀಳನ್ನು ಬೇಕಾದುದಕ್ಕಿಂತ ಗಿಡ್ಡವಾಗಿಯೇ ಕೊಯ್ದು, ಕೇಳುತ್ತ, ಸ್ವಲ್ಪಸ್ವಲ್ಪವಾಗಿ ಉದ್ದ ಮಾಡುತ್ತ ಹೋಗುವ ಕ್ರಮವನ್ನೇ ಈ ಮಾರ್ಗದರ್ಶಿಯ ಉದ್ದಕ್ಕೂ ಅನುಸರಿಸಲಾಗಿದೆ.

ನಾಲಗೆ ನುಡಿಯುವ ಲೆಕ್ಕ

ಮೇಜಿನ ಅಂಚಿಗೆ ಒತ್ತಿ ಹಿಡಿದ ಸ್ಕೇಲನ್ನು ಮೀಟಿದರೆ, ಹೊರಚಾಚಿದ ಭಾಗ ಗಿಡ್ಡವಾದಷ್ಟೂ ಸ್ವರ ಏರುವುದನ್ನು ಎಲ್ಲರೂ ಕೇಳಿರುತ್ತಾರೆ. ನಾಲಗೆಯೂ ಅದೇ ನಿಯಮಕ್ಕೆ ಒಳಪಟ್ಟಿದೆ. ಒಂದು ಬದಿ ಬಿಗಿಯಾಗಿದ್ದು ಇನ್ನೊಂದು ಬದಿ ಬಿಡುವಾಗಿರುವ ಪಟ್ಟಿಯ ಕಂಪನಾಂಕವು ಅದರ ದಪ್ಪಕ್ಕೆ ನೇರ ಅನುಪಾತದಲ್ಲಿಯೂ ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಅಂದರೆ ದಪ್ಪ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆದರೆ ಒಂದು ಸ್ಥಾಯಿ ಕೆಳಗಿಳಿಯಲು ಉದ್ದವನ್ನು ಇಮ್ಮಡಿಗೊಳಿಸಬೇಕಿಲ್ಲ, 1.41 ಪಟ್ಟು ಮಾಡಿದರೆ ಸಾಕು. ಅಗಲ ಮಾತ್ರ ಸ್ವರವನ್ನು ಹೆಚ್ಚುಕಡಿಮೆ ಬದಲಿಸುವುದೇ ಇಲ್ಲ. ಅಗಲವಾದ ನಾಲಗೆ ಹೆಚ್ಚು ಗಾಳಿಯನ್ನು ತಳ್ಳುವುದರಿಂದ ಜೋರಾಗಿ ಕೇಳುತ್ತದೆ, ಅಷ್ಟೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗಟ್ಟಿ ಮರಕ್ಕೆ ಏರುಸ್ವರ, ಮೆದು ಮರಕ್ಕೆ ಇಳಿಸ್ವರ ಎಂದು ಹಲವರು ಭಾವಿಸುತ್ತಾರೆ. ಆದರೆ ಸ್ವರವನ್ನು ನಿರ್ಧರಿಸುವುದು ಬಿಗುಪು ಮತ್ತು ಸಾಂದ್ರತೆ ಎರಡರ ಅನುಪಾತ. ಗಟ್ಟಿ ಮರ ಬಿಗುವಾಗಿರುವಂತೆ ಭಾರವಾಗಿಯೂ ಇರುವುದರಿಂದ ಆ ಅನುಪಾತ ಮರದಿಂದ ಮರಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಮರದ ಎಳೆಯ (ನಾರಿನ) ಉದ್ದಕ್ಕೆ ಶಬ್ದ ಸಾಗುವ ವೇಗ ಬಹುಪಾಲು ಮರಗಳಲ್ಲಿ ಸೆಕೆಂಡಿಗೆ ಸುಮಾರು 3500ರಿಂದ 5000 ಮೀಟರ್ ಒಳಗೇ ಇರುತ್ತದೆ. ಮರಗಳ ನಡುವಿನ ನಿಜವಾದ ವ್ಯತ್ಯಾಸ ನಾದದ ಬಾಳಿಕೆಯಲ್ಲಿದೆ: ಕೆಲವು ಮರಗಳು ಕಂಪನವನ್ನು ಬೇಗನೆ ನುಂಗಿಬಿಡುತ್ತವೆ, ಕೆಲವು ಅದನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ.

ಮರದ ಆಯ್ಕೆ

ಮೇಲ್ಹಲಗೆಗೆ ಬೀಟೆ ಮತ್ತು ಪಡೌಕ್ ಅತ್ಯುತ್ತಮ. ಮರದ ಪಟ್ಟಿಗಳನ್ನು ತಟ್ಟಿ ನುಡಿಸುವ ಮರಿಂಬಾ ಎಂಬ ವಾದ್ಯದ ಪಟ್ಟಿಗಳಿಗೂ ಇದೇ ಜಾತಿಯ ಮರಗಳನ್ನು ಬಳಸುತ್ತಾರೆ. ಪಡೌಕಿನ ಹತ್ತಿರದ ಸಂಬಂಧಿಯಾದ ಹೊನ್ನೆ, ಚೆನ್ನಾಗಿ ಒಣಗಿದ ತೇಗ, ಮೇಪಲ್ ಮತ್ತು ಮಹಾಗನಿಯಿಂದಲೂ ಒಳ್ಳೆಯ ನಾದ ಬರುತ್ತದೆ. ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ, ಅಂಟು ಹಚ್ಚುವ ಭಾಗವನ್ನು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ಪ್ಲೈವುಡ್ಡನ್ನು ಮೇಲ್ಹಲಗೆಗೆ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಪದರಗಳಲ್ಲಿ ಅರ್ಧದಷ್ಟು ನಾಲಗೆಗೆ ಅಡ್ಡಲಾಗಿರುತ್ತವೆ. ಅಡ್ಡ ಎಳೆಯ ಬಿಗುಪು ಉದ್ದ ಎಳೆಯ ಬಿಗುಪಿನ ಹತ್ತರಲ್ಲೊಂದು ಭಾಗವೋ ಅದಕ್ಕಿಂತ ಕಡಿಮೆಯೋ ಆಗಿರುವುದರಿಂದ ಆ ಪದರಗಳು ನಾದಕ್ಕೆ ಏನನ್ನೂ ಕೊಡದೆ ಬರಿಯ ಭಾರವಾಗುತ್ತವೆ.

ಹಲಗೆಯನ್ನು ಆರಿಸುವಾಗ ಎಳೆಗಳು ಉದ್ದಕ್ಕೆ ನೇರವಾಗಿ ಹರಿದಿವೆಯೇ ಎಂದು ಮೊದಲು ನೋಡಬೇಕು. ನಾಲಗೆ ಬರುವ ಜಾಗದಲ್ಲಿ ಗಂಟು ಇರಕೂಡದು. ಹಲಗೆಯ ಒಂದು ತುದಿಯಿಂದ ಉದ್ದದ ಸುಮಾರು ಕಾಲುಭಾಗದಷ್ಟು ಒಳಗೆ, ಎರಡು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು ಎತ್ತಿ, ನಡುವೆ ಗೆಣ್ಣಿನಿಂದ ತಟ್ಟಿ ಕೇಳಿದರೆ ಅದರ ಸ್ವಭಾವ ತಿಳಿಯುತ್ತದೆ: ಸ್ವರವೊಂದು ಸ್ಪಷ್ಟವಾಗಿ ಕೇಳಿಸಿ ಕ್ಷಣಕಾಲ ನಿಂತರೆ ಅದು ತಕ್ಕ ಹಲಗೆ, ಬರಿಯ ದಡ್ ಎಂಬ ಸದ್ದು ಬಂದರೆ ಅದನ್ನು ಬೇರೆ ಕೆಲಸಕ್ಕೆ ಇಡುವುದು ಒಳ್ಳೆಯದು. ಮರದ ತೇವಾಂಶ ಶೇಕಡಾ 8ರಿಂದ 12ರೊಳಗೆ ಇರಬೇಕು. ತೇವ ಅಳೆಯುವ ಉಪಕರಣ ಇಲ್ಲದಿದ್ದರೆ, ಹಲಗೆಯನ್ನು ಕೆಲವು ವಾರ ಕಾರ್ಯಾಗಾರದಲ್ಲಿಯೇ ಗಾಳಿಯಾಡುವಂತೆ ಇಟ್ಟು, ಆಗಾಗ ತೂಕ ಮಾಡಿ, ತೂಕ ಇಳಿಯುವುದು ನಿಂತ ಮೇಲೆ ಬಳಸಬಹುದು. ಪೆಟ್ಟಿಗೆಯ ಪಕ್ಕದ ಹಲಗೆಗಳಿಗೆ ಪೈನಿನಂಥ ಸಾಧಾರಣ ಮರ ಸಾಕು. ತಳಕ್ಕೆ 6 ಮಿ.ಮೀ. ಪ್ಲೈವುಡ್ ಧಾರಾಳವಾಗಿ ಆಗುತ್ತದೆ.

ಅಳತೆ ಮತ್ತು ಸ್ವರಗಳು

ಮೇಲ್ಹಲಗೆ 430 ಮಿ.ಮೀ. ಉದ್ದ, 220 ಮಿ.ಮೀ. ಅಗಲ, 12 ಮಿ.ಮೀ. ದಪ್ಪ ಇರಲಿ, ಎಳೆ ಉದ್ದಕ್ಕೆ ಹರಿದಿರಲಿ. ದಪ್ಪ ಎಲ್ಲೆಡೆ ಒಂದೇ ಸಮನಾಗಿರುವುದು ಬಹಳ ಮುಖ್ಯ. ಕೀಸುಳಿ ಹೊಡೆದ ಮೇಲೆ ನಾಲ್ಕೂ ಮೂಲೆಗಳಲ್ಲಿ ಅಳೆದು, ವ್ಯತ್ಯಾಸ ಅರ್ಧ ಮಿ.ಮೀ. ಮೀರದಂತೆ ನೋಡಿಕೊಳ್ಳಬೇಕು. ಪಕ್ಕದ ಹಲಗೆಗಳು 15 ಮಿ.ಮೀ. ದಪ್ಪ, 130 ಮಿ.ಮೀ. ಎತ್ತರ. ಹೀಗಾದರೆ ಪೆಟ್ಟಿಗೆಯ ಒಳ ಅಳತೆ ಸುಮಾರು 400 ಮತ್ತು 190 ಮಿ.ಮೀ. ಆಗುತ್ತದೆ.

ಆರು ಸ್ವರಗಳಿಗೆ ಎ3 (220 ಹರ್ಟ್ಸ್), ಸಿ4 (261.6), ಡಿ4 (293.7), ಇ4 (329.6), ಜಿ4 (392) ಮತ್ತು ಎ4 (440) ಇವುಗಳನ್ನು ಆರಿಸಿಕೊಂಡಿದ್ದೇನೆ. ಇವು ಪಾಶ್ಚಾತ್ಯ ಪದ್ಧತಿಯ ಸ್ವರದ ಹೆಸರುಗಳು; ಅಕ್ಷರದ ಪಕ್ಕದ ಅಂಕಿ ಸ್ಥಾಯಿಯನ್ನೂ ಆವರಣದಲ್ಲಿರುವುದು ಕಂಪನಾಂಕವನ್ನೂ ಸೂಚಿಸುತ್ತದೆ. ಸಿ ಸ್ವರವನ್ನು ಷಡ್ಜವಾಗಿ ಹಿಡಿದರೆ ಇವು ಮಂದ್ರ ದ ಮತ್ತು ಸ ರಿ ಗ ಪ ದ, ಅಂದರೆ ಮೋಹನ ರಾಗದ ಸ್ವರಗಳು. ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಅದೇ ನಾಲಗೆಗಳು ಶುದ್ಧ ಧನ್ಯಾಸಿಯ ಸ ಗ ಮ ಪ ನಿ ಸ ಆಗುತ್ತವೆ. ಅರ್ಧಸ್ವರಗಳ (ಒಂದು ಸ್ಥಾಯಿಯ ಹನ್ನೆರಡರಲ್ಲೊಂದು ಭಾಗದಷ್ಟೇ ಅಂತರವಿರುವ ಸ್ವರಗಳ) ಘರ್ಷಣೆ ಇಲ್ಲದಿರುವುದರಿಂದ, ಸಂಗೀತ ಕಲಿಯದವರು ತೋಚಿದಂತೆ ತಟ್ಟಿದರೂ ಕಿವಿಗೆ ಹಿತವಾಗಿರುತ್ತದೆ.

ಮೂರು ಸಾಲುಗಳು, ಪ್ರತಿ ಸಾಲಿನಲ್ಲಿ ತುದಿಗೆ ತುದಿ ಎದುರಾದ ಎರಡು ನಾಲಗೆಗಳು. ಅತಿ ಉದ್ದದ ನಾಲಗೆಗೆ ಅತಿ ಗಿಡ್ಡದ್ದನ್ನು ಜೋಡಿಸಿದರೆ ಮೂರು ಸಾಲುಗಳ ಒಟ್ಟು ಉದ್ದ ಬಹುತೇಕ ಒಂದೇ ಆಗುತ್ತದೆ. ಸಾಮಾನ್ಯ ಗಟ್ಟಿ ಮರದ 12 ಮಿ.ಮೀ. ಹಲಗೆಗೆ ಲೆಕ್ಕ ಹಾಕಿದರೆ ಎ3ಕ್ಕೆ 191, ಎ4ಕ್ಕೆ 135; ಸಿ4ಕ್ಕೆ 175, ಜಿ4ಕ್ಕೆ 143; ಡಿ4ಕ್ಕೆ 165, ಇ4ಕ್ಕೆ 156 ಮಿ.ಮೀ. ಬರುತ್ತದೆ. ಸಾಲುಗಳ ಮೊತ್ತ 326, 318, 321. ಹೀಗಾಗಿ ಪೆಟ್ಟಿಗೆಯ ಒಳಗೋಡೆಗೂ ನಾಲಗೆಯ ಬುಡಕ್ಕೂ ನಡುವೆ ಎರಡೂ ಕಡೆ ಸುಮಾರು 37 ಮಿ.ಮೀ. ಇಡಿಯಾದ ಮರ ಉಳಿಯುತ್ತದೆ. ಈ ಭಾಗವೇ ನಾಲಗೆಗೆ ಆಸರೆ. ಇದು ಸಡಿಲವಾದರೆ ಕಂಪನವೆಲ್ಲ ಹಲಗೆಯೊಳಗೆ ಹರಡಿ ನಾದ ಬೇಗ ಸಾಯುತ್ತದೆ.

ಲೆಕ್ಕದಲ್ಲಿ ಬುಡವು ಅಲುಗಾಡದಷ್ಟು ಬಿಗಿಯಾಗಿದೆ ಎಂದು ಭಾವಿಸಿರುತ್ತೇವೆ, ಆದರೆ ನಿಜವಾದ ಹಲಗೆಯಲ್ಲಿ ಅದು ಸ್ವಲ್ಪ ಮಣಿಯುತ್ತದೆ. ಆದ್ದರಿಂದ ಸ್ವರ ಲೆಕ್ಕಕ್ಕಿಂತ ಕೆಳಗೇ ಬರುವುದು ವಾಡಿಕೆ. ಇದಕ್ಕಾಗಿ ಮೊದಲ ಕೊಯ್ತವನ್ನು ಲೆಕ್ಕದ ಉದ್ದಕ್ಕಿಂತ ಶೇಕಡಾ 10ರಷ್ಟು ಗಿಡ್ಡವಾಗಿ ನಿಲ್ಲಿಸಬೇಕು: ಎ3ಕ್ಕೆ 172, ಸಿ4ಕ್ಕೆ 157, ಡಿ4ಕ್ಕೆ 148, ಇ4ಕ್ಕೆ 140, ಜಿ4ಕ್ಕೆ 128, ಎ4ಕ್ಕೆ 121 ಮಿ.ಮೀ. ನಿಮ್ಮ ಹಲಗೆಯ ದಪ್ಪ ಬೇರೆಯಾದರೆ ಉದ್ದವನ್ನು ದಪ್ಪದ ವರ್ಗಮೂಲದ ಅನುಪಾತದಲ್ಲಿ ಬದಲಿಸಿಕೊಳ್ಳಬೇಕು. ಉದಾಹರಣೆಗೆ 15 ಮಿ.ಮೀ. ದಪ್ಪಕ್ಕೆ ಪ್ರತಿ ಉದ್ದವೂ 1.12 ಪಟ್ಟು ಹೆಚ್ಚುತ್ತದೆ, ಪೆಟ್ಟಿಗೆಯನ್ನೂ ಅದಕ್ಕೆ ತಕ್ಕಂತೆ ಉದ್ದ ಮಾಡಬೇಕಾಗುತ್ತದೆ.

ಪ್ರತಿ ನಾಲಗೆಯ ಅಗಲ 40 ಮಿ.ಮೀ. ಇರಲಿ. ಎಷ್ಟೋ ವಿನ್ಯಾಸಗಳಲ್ಲಿ ಅಕ್ಕಪಕ್ಕದ ನಾಲಗೆಗಳ ನಡುವೆ ಒಂದೇ ಸೀಳು ಇರುತ್ತದೆ. ನೋಡಲು ಅದು ಸೊಗಸಾದರೂ, ಆ ಸೀಳನ್ನು ಉದ್ದ ಮಾಡಿದಾಗಲೆಲ್ಲ ಎರಡೂ ನಾಲಗೆಗಳ ಸ್ವರ ಒಟ್ಟಿಗೆ ಇಳಿಯುತ್ತದೆ. ಸಾಲುಗಳ ನಡುವೆ 15 ಮಿ.ಮೀ. ಅಗಲದ ಮರದ ಪಟ್ಟಿಯನ್ನು ಉಳಿಸಿ, ಪ್ರತಿ ಸಾಲಿಗೂ ಅದರದೇ ಎರಡು ಸೀಳುಗಳನ್ನು ಕೊಟ್ಟರೆ ಶ್ರುತಿ ಮಾಡುವ ಕೆಲಸ ಎಷ್ಟೋ ಸರಳವಾಗುತ್ತದೆ. ಮೊದಲ ವಾದ್ಯಕ್ಕೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ.

ಪೆಟ್ಟಿಗೆಯ ಚೌಕಟ್ಟು

ನಾಲ್ಕು ಪಕ್ಕದ ಹಲಗೆಗಳನ್ನು ಅಳತೆಗೆ ಕೊಯ್ದು, ಮೂಲೆಗಳಲ್ಲಿ ಅರ್ಧ ದಪ್ಪದ ಗಾಡಿ (ಮೆಟ್ಟಿಲಿನಂಥ ಕಚ್ಚು) ತೆಗೆದು ಬಿಳಿ ಮರದ ಅಂಟಿನಿಂದ ಜೋಡಿಸಬೇಕು. ಕ್ಲಾಂಪ್ ಬಿಗಿಯುವ ಮುನ್ನ ಎರಡು ಕರ್ಣಗಳನ್ನು ಅಳೆಯಬೇಕು. ಅವು ಸಮನಾಗಿದ್ದರೆ ಚೌಕಟ್ಟು ಮಟ್ಟವಾಗಿದೆ ಎಂದರ್ಥ. ಅಂಟು ಆರಿದ ಮೇಲೆ ಮೇಲಂಚನ್ನು ಸಮತಟ್ಟು ಮಾಡಲು, ಸಪಾಟಾದ ಮೇಜಿನ ಮೇಲೆ 80 ನಂಬರಿನ ಉಪ್ಪುಕಾಗದ ಹಾಸಿ ಚೌಕಟ್ಟನ್ನು ಅದರ ಮೇಲೆ ಉಜ್ಜುವುದು ಸುಲಭದ ಉಪಾಯ. ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೀಚಿಕೊಂಡು ಉಜ್ಜಿದರೆ, ಗೀಚು ಎಲ್ಲೆಲ್ಲಿ ಉಳಿದಿದೆಯೋ ಅಲ್ಲಲ್ಲಿ ತಗ್ಗಿದೆ ಎಂದು ಕಾಣುತ್ತದೆ. ಮೇಲ್ಹಲಗೆ ಮತ್ತು ಚೌಕಟ್ಟಿನ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅಲ್ಲಿಂದ ಜಿರ್ ಎಂಬ ಸದ್ದು ಹುಟ್ಟುತ್ತದೆ, ಆದ್ದರಿಂದ ಈ ಕೆಲಸದಲ್ಲಿ ಅವಸರ ಸಲ್ಲದು.

ಸೀಳು ಕೊಯ್ಯುವುದು

ಜಿಗ್‌ಸಾ ಎಂಬ, ಕಿರಿದಾದ ಬ್ಲೇಡು ಮೇಲೆ ಕೆಳಗೆ ಆಡುವ ವಿದ್ಯುತ್ ಗರಗಸದ ಬ್ಲೇಡಿನ ಹಲ್ಲುಗಳು ಸಾಮಾನ್ಯವಾಗಿ ಮೇಲಕ್ಕೆ ಬರುವಾಗ ಕೊಯ್ಯುತ್ತವೆ. ಹಾಗಾಗಿ ಮೇಲ್ಮುಖದಲ್ಲಿ ಮರ ಚಕ್ಕೆ ಏಳುತ್ತದೆ. ಈ ಕಾರಣಕ್ಕೆ ಗುರುತನ್ನು ಹಲಗೆಯ ಒಳಮುಖದ ಮೇಲೆ ಹಾಕಿ, ಆ ಕಡೆಯಿಂದಲೇ ಕೊಯ್ಯಬೇಕು. ಆಗ ಕಾಣುವ ಮುಖ ಅಚ್ಚುಕಟ್ಟಾಗಿ ಉಳಿಯುತ್ತದೆ. ಎಡ ಬಲ ಅದಲುಬದಲಾಗುವುದನ್ನು ನೆನಪಿಟ್ಟುಕೊಂಡು, ಪ್ರತಿ ನಾಲಗೆಯ ಮೇಲೂ ಅದರ ಸ್ವರದ ಹೆಸರನ್ನು ಬರೆದಿಡಬೇಕು. ಪ್ರತಿ ನಾಲಗೆಯ ಬುಡದಲ್ಲಿ ಎರಡು ಗೆರೆ ಎಳೆಯಿರಿ: ಒಂದು ಮೊದಲ ಕೊಯ್ತ ನಿಲ್ಲಬೇಕಾದಲ್ಲಿ, ಇನ್ನೊಂದು ಲೆಕ್ಕದ ಉದ್ದದಲ್ಲಿ.

ಪ್ರತಿ ಸಾಲಿನಲ್ಲಿ ಉದ್ದ ಸೀಳುಗಳೂ ಅಡ್ಡ ಸೀಳೂ ಕೂಡುವ ಎರಡು ಜಾಗಗಳಲ್ಲಿ 6 ಮಿ.ಮೀ. ರಂಧ್ರ ಕೊರೆಯಬೇಕು, ಒಟ್ಟು ಆರು ರಂಧ್ರಗಳಾಗುತ್ತವೆ. ಕೆಳಗೆ ಬೇಡದ ಹಲಗೆಯೊಂದನ್ನು ಒತ್ತಿಟ್ಟು ಕೊರೆದರೆ ಹಿಂಬದಿ ಚಕ್ಕೆ ಏಳುವುದಿಲ್ಲ. ತಿರುವು ಕೊಯ್ಯುವ ಕಿರಿದಾದ, ಸಣ್ಣ ಹಲ್ಲಿನ ಬ್ಲೇಡನ್ನು ಈ ರಂಧ್ರದೊಳಗೆ ಇಳಿಸಿ, ಅಲ್ಲಿಂದ ಎರಡೂ ಬುಡಗಳ ಕಡೆಗೆ ಒಂದೊಂದು ಸಲ, ಅಡ್ಡಕ್ಕೆ ಒಂದು ಸಲ ಕೊಯ್ಯಬೇಕು. ನೇರವಾದ ಪಟ್ಟಿಯೊಂದನ್ನು ಕ್ಲಾಂಪ್ ಮಾಡಿ ಅದಕ್ಕೆ ಒರಗಿಸಿಕೊಂಡು ಯಂತ್ರವನ್ನು ನಡೆಸಿ. ಬ್ಲೇಡನ್ನು ಹಿಂದುಮುಂದು ತೂಗಿಸುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿಟ್ಟು, ತಳ್ಳದೆ, ಯಂತ್ರ ತಾನಾಗಿ ಮುಂದುವರಿಯುವಷ್ಟೇ ಒತ್ತಡ ಕೊಡಬೇಕು. ಅವಸರದಿಂದ ತಳ್ಳಿದರೆ ಬ್ಲೇಡು ಮರದೊಳಗೆ ಬಾಗುತ್ತದೆ. ಮೇಲಿನಿಂದ ನೇರವಾಗಿ ಕಂಡ ಸೀಳು ಕೆಳಮುಖದಲ್ಲಿ ಓರೆಯಾಗಿರುತ್ತದೆ.

ಸೀಳಿನ ಕೊನೆಯಲ್ಲಿ ಈಗಲೇ ರಂಧ್ರ ಕೊರೆಯಬಾರದು. ಆ ಕೊನೆ ಇನ್ನೂ ಮುಂದಕ್ಕೆ ಸರಿಯಲಿಕ್ಕಿದೆ. ಸೀಳಿನ ಅಗಲ 2 ಮಿ.ಮೀ. ಸಮೀಪದಲ್ಲಿರಲಿ. ಅದಕ್ಕಿಂತ ಅಗಲವಾದರೆ ಪೆಟ್ಟಿಗೆಯೊಳಗಿನ ಗಾಳಿ ಸೀಳುಗಳಿಂದಲೇ ಸೋರಿ ನಾದ ಬಡವಾಗುತ್ತದೆ; ಅದಕ್ಕಿಂತ ಇಕ್ಕಟ್ಟಾದರೆ ಮರ ತೇವ ಹೀರಿ ಉಬ್ಬಿದಾಗ ನಾಲಗೆ ಪಕ್ಕದ ಮರಕ್ಕೆ ತಾಗುವ ಸಂಭವವಿದೆ. ತೆಳ್ಳನೆಯ ಲೋಹದ ಪಟ್ಟಿಗೆ 120 ನಂಬರಿನ ಉಪ್ಪುಕಾಗದ ಸುತ್ತಿ ಸೀಳಿನ ಒಳಬದಿಗಳನ್ನು ನಯ ಮಾಡಬಹುದು.

ಇಷ್ಟು ಹೊತ್ತಿಗೆ ಗಾಳಿಯಲ್ಲಿ ಸಾಕಷ್ಟು ಪುಡಿ ಇರುತ್ತದೆ. ಬೀಟೆ ಮತ್ತು ಪಡೌಕಿನ ಪುಡಿ ಹಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತದೆ. ಮೂಗಿನ ಮೇಲೆ ಬಿಗಿಯಾಗಿ ಕೂರುವ ಧೂಳಿನ ಮಾಸ್ಕ್, ಕಣ್ಣಿಗೆ ಕನ್ನಡಕ, ಯಂತ್ರದ ಸದ್ದಿಗೆ ಕಿವಿಮುಚ್ಚಿಗೆ ಇವು ಮೂರೂ ಕಡ್ಡಾಯ. ಈ ಕೆಲಸದಲ್ಲಿ ಕಿವಿಯೂ ಒಂದು ಸಲಕರಣೆ ಎಂಬುದನ್ನು ಮರೆಯಬಾರದು.

ಮೇಲ್ಹಲಗೆಯನ್ನು ಅಂಟಿಸುವುದು

ಚೌಕಟ್ಟಿನ ಮೇಲಂಚಿಗೆ ಅಂಟನ್ನು ತೆಳ್ಳಗೆ, ಎಡೆಬಿಡದೆ ಹಚ್ಚಿ, ಮೇಲ್ಹಲಗೆಯನ್ನು ಇಟ್ಟು, ಅಂದಾಜು 80ರಿಂದ 100 ಮಿ.ಮೀ.ಗೆ ಒಂದರಂತೆ ಕ್ಲಾಂಪ್ ಹಾಕಬೇಕು. ಒಳಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ ತೆಗೆಯಬೇಕು. ಒಂದು ಗಂಟೆಯ ನಂತರ ಕ್ಲಾಂಪ್ ಬಿಚ್ಚಬಹುದಾದರೂ, 24 ಗಂಟೆ ಕಳೆಯುವವರೆಗೆ ನಾಲಗೆಗಳನ್ನು ತಟ್ಟಿ ನೋಡುವ ಆಸೆಯನ್ನು ತಡೆಹಿಡಿಯಬೇಕು. ಮರವು ಹವೆಗೆ ತಕ್ಕಂತೆ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಮೇಲ್ಹಲಗೆಯ ಎಳೆಗೆ ಚೌಕಟ್ಟಿನ ಎರಡು ಗಿಡ್ಡ ಬದಿಗಳ ಎಳೆ ಅಡ್ಡಲಾಗಿರುವುದರಿಂದ ಅಲ್ಲಿ ಎಳೆದಾಟ ಇದ್ದೇ ಇರುತ್ತದೆ. 220 ಮಿ.ಮೀ. ಅಗಲಕ್ಕೆ ಚೆನ್ನಾಗಿ ಒಣಗಿದ ಮರ ಇದನ್ನು ತಾಳಿಕೊಳ್ಳುತ್ತದೆ. ಇದಕ್ಕಿಂತ ಬಹಳ ಅಗಲದ ವಾದ್ಯಕ್ಕೆ ಈ ವಿಧಾನ ಹೊಂದುವುದಿಲ್ಲ.

ತಳದ ಪ್ಲೈವುಡ್ಡನ್ನು ಮಾತ್ರ ಅಂಟಿಸದೆ, ಎಂಟು ಸ್ಕ್ರೂಗಳಿಂದ ಬಿಗಿಯಬೇಕು. ಶ್ರುತಿ ಮಾಡುವಾಗ ಒಳಗೆ ಕೈಹಾಕುವ ಅಗತ್ಯ ಮತ್ತೆಮತ್ತೆ ಬೀಳುತ್ತದೆ. ತಳವನ್ನು ಮೊದಲೇ ಅಂಟಿಸಿಬಿಟ್ಟವರಿಗೆ ತಪ್ಪು ತಿದ್ದುವ ದಾರಿಯೇ ಉಳಿಯುವುದಿಲ್ಲ.

ಶ್ರುತಿ ಮಾಡುವುದು

ವಾದ್ಯದ ಆಯುಷ್ಯವೆಲ್ಲ ನಿಂತಿರುವುದು ಈ ಹಂತದ ಮೇಲೆ. ಇದಕ್ಕೆ ಇಡೀ ಒಂದು ದಿನ ಮೀಸಲಿಟ್ಟರೂ ನಷ್ಟವಿಲ್ಲ. ತಳ ಬಿಗಿದ ಪೆಟ್ಟಿಗೆಯನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆರೆದು, ಒಂದು ನಾಲಗೆಯನ್ನು ತಟ್ಟಿ ನೋಡಿ. ಗುರಿಗಿಂತ ಸ್ವರ ಸಾಕಷ್ಟು ಮೇಲಿರಬೇಕು. ಮರದ ನಾದ ಬೇಗ ಇಳಿಯುವುದರಿಂದ ಆ್ಯಪ್‌ನ ಮುಳ್ಳು ಕೆಲವೊಮ್ಮೆ ನಿಲ್ಲುವುದೇ ಇಲ್ಲ. ಅಂಥಾಗ ಬೇರೆ ನಾಲಗೆಗಳ ಮೇಲೆ ಬಟ್ಟೆ ಹಾಕಿ ಅವನ್ನು ಸುಮ್ಮನಾಗಿಸಿ, ಫೋನನ್ನು ನಾಲಗೆಯ ಹತ್ತಿರ ತಂದು, ಒಂದೇ ಹದದಲ್ಲಿ ನಾಲ್ಕೈದು ಸಲ ತಟ್ಟಿದರೆ ಸ್ಥಿರವಾದ ಅಂಕಿ ಸಿಗುತ್ತದೆ. ತಂಬೂರದ ಶ್ರುತಿಯನ್ನು ಜೊತೆಗೆ ನುಡಿಸಿಕೊಂಡು ಕಿವಿಯಿಂದಲೇ ಹೊಂದಿಸುವ ಅಭ್ಯಾಸವುಳ್ಳವರಿಗೆ ಆ್ಯಪ್ ಬರಿಯ ಸಾಕ್ಷಿಯಾಗಿ ಸಾಕು.

ಸ್ವರ ಇಳಿಸಲು ಸೀಳನ್ನು ಬುಡದ ಕಡೆಗೆ ಉದ್ದ ಮಾಡಬೇಕು. ಇದಕ್ಕೆ ಯಂತ್ರ ಬೇಡ. ಹ್ಯಾಕ್‌ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು, ಬ್ಲೇಡನ್ನು ಸೀಳಿನೊಳಗೆ ನೆಟ್ಟಗೆ ಇಳಿಸಿ, ಹಲ್ಲುಗಳು ಬುಡದ ಕಡೆಗೆ ಇರುವಂತೆ ಮೇಲೆ ಕೆಳಗೆ ಆಡಿಸಬೇಕು. ಸಣ್ಣ ಹಲ್ಲಿನ ಆ ಬ್ಲೇಡು ಗಟ್ಟಿ ಮರದಲ್ಲಿ ಬಹಳ ನಿಧಾನವಾಗಿ ಮುಂದುವರಿಯುತ್ತದೆ. ಇಲ್ಲಿ ನಮಗೆ ಬೇಕಾದದ್ದೂ ಆ ನಿಧಾನವೇ. ನಾಲಗೆಯ ಎರಡೂ ಬದಿಯ ಸೀಳುಗಳನ್ನು ಸಮನಾಗಿ ಬೆಳೆಸಬೇಕು, ಇಲ್ಲವಾದರೆ ನಾಲಗೆ ತಿರುಚಿಕೊಂಡು ಕಂಪಿಸಿ ಸ್ವರ ಮಸುಕಾಗುತ್ತದೆ.

ಎಷ್ಟು ಕೊಯ್ದರೆ ಎಷ್ಟು ಇಳಿಯುತ್ತದೆ ಎಂಬುದನ್ನು ಅಂದಾಜು ಮಾಡಿಕೊಳ್ಳಬಹುದು. ಅರ್ಧಸ್ವರವನ್ನು 100 ಸೆಂಟ್ ಎಂದು ಭಾಗಿಸುತ್ತಾರೆ. 150 ಮಿ.ಮೀ. ಉದ್ದದ ನಾಲಗೆಯನ್ನು 1 ಮಿ.ಮೀ. ಉದ್ದ ಮಾಡಿದರೆ ಸ್ವರ ಸುಮಾರು 23 ಸೆಂಟ್ ಇಳಿಯುತ್ತದೆ. ಅಂದರೆ ಒಂದು ಅರ್ಧಸ್ವರಕ್ಕೆ 4 ಮಿ.ಮೀ.ಗಿಂತ ತುಸು ಹೆಚ್ಚು ಕೊಯ್ಯಬೇಕು. ಗಿಡ್ಡ ನಾಲಗೆಗಳಲ್ಲಿ ಇದೇ 1 ಮಿ.ಮೀ. ಇನ್ನೂ ಹೆಚ್ಚು ಇಳಿಸುತ್ತದೆ, ಆದ್ದರಿಂದ ಎ4 ಮತ್ತು ಜಿ4ರಲ್ಲಿ ವಿಶೇಷ ಎಚ್ಚರ ಬೇಕು. ಮೊದಲು ಆರೂ ನಾಲಗೆಗಳನ್ನು ಗುರಿಗಿಂತ ಒಂದು ಅರ್ಧಸ್ವರ ಮೇಲಿರುವಲ್ಲಿಗೆ ತಂದು ನಿಲ್ಲಿಸಿ, ಆಮೇಲೆ ಎರಡನೆಯ ಸುತ್ತು ಆರಂಭಿಸುವುದು ಉತ್ತಮ; ಯಾಕೆಂದರೆ ಒಂದು ನಾಲಗೆಯ ಬುಡದಲ್ಲಿ ಕೊಯ್ದದ್ದು ಅಕ್ಕಪಕ್ಕದವುಗಳ ಆಸರೆಯನ್ನೂ ಸ್ವಲ್ಪ ಸಡಿಲಿಸಿ ಅವುಗಳ ಸ್ವರವನ್ನು ಕೆಲವು ಸೆಂಟ್ ಇಳಿಸುತ್ತದೆ.

ಸೀಳಿನ ಚೂಪಾದ ಕೊನೆಯಿಂದಲೇ ಮುಂದೆ ಬಿರುಕು ಹುಟ್ಟುವುದು. ಅದನ್ನು ತಡೆಯಲು ಪ್ರತಿ ಕೊನೆಯಲ್ಲಿ 3 ಮಿ.ಮೀ. ಗುಂಡು ರಂಧ್ರ ಕೊರೆಯಬೇಕು. ಈ ರಂಧ್ರ ಸೀಳನ್ನು ಒಂದೂವರೆ ಮಿ.ಮೀ. ಮುಂದಕ್ಕೆ ಒಯ್ಯುವುದರಿಂದ ಸ್ವರ ಮತ್ತೆ ಇಳಿಯುತ್ತದೆ: ಎ3ರಲ್ಲಿ 27 ಸೆಂಟ್ ಆಸುಪಾಸು, ಎ4ರಲ್ಲಿ 40ರ ಆಸುಪಾಸು. ಅಷ್ಟು ಅಂತರವನ್ನೂ, ಜೊತೆಗೆ ಎಣ್ಣೆ ಹಚ್ಚಿದಾಗ ಇಳಿಯುವ 5ರಿಂದ 10 ಸೆಂಟನ್ನೂ ಕೈಯಲ್ಲಿ ಉಳಿಸಿಕೊಂಡು ಗರಗಸವನ್ನು ನಿಲ್ಲಿಸಬೇಕು.

ಸ್ವರ ಗುರಿಗಿಂತ ಕೆಳಗೆ ಜಾರಿದರೆ ಕೈಚೆಲ್ಲಬೇಕಿಲ್ಲ. ತಳವನ್ನು ಬಿಚ್ಚಿ, ನಾಲಗೆಯ ತುದಿಯ 25 ಮಿ.ಮೀ. ಭಾಗವನ್ನು ಒಳಬದಿಯಿಂದ ಉಳಿಯಲ್ಲಿ ಅಥವಾ ಒರಟು ಉಪ್ಪುಕಾಗದದಲ್ಲಿ ಸವೆಸಿದರೆ ತುದಿಯ ಭಾರ ಇಳಿದು ಸ್ವರ ಏರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಬುಡದ ಹತ್ತಿರ ಒಳಬದಿಯನ್ನು ಸವೆಸಿದರೆ ಬಿಗುಪು ತಗ್ಗಿ ಸ್ವರ ಇಳಿಯುತ್ತದೆ. ತುದಿಯ ಕೆಳಗೆ ಮರದ ಚೂರನ್ನು ಅಂಟಿಸಿದರೂ ಇಳಿಯುತ್ತದೆ. ಸೀಳನ್ನು ಇನ್ನು ಬೆಳೆಸಲು ಜಾಗವಿಲ್ಲದಾಗ ಇವು ಉಪಯುಕ್ತ. ಇವುಗಳಲ್ಲಿ ಬುಡ ಸವೆಸುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗದ ಉಪಾಯ. ತೀರ ಹೆಚ್ಚು ಬಳುಕುವ ಜಾಗವೇ ತೆಳುವಾದರೆ ನಾಲಗೆಯ ಬಾಳಿಕೆಗೆ ಧಕ್ಕೆ ಬರುತ್ತದೆ.

ಒಂದು ನಾಲಗೆ ಮಾತ್ರ ಸತ್ತಂತೆ ನುಡಿದರೆ ಕಾರಣವನ್ನು ಕ್ರಮವಾಗಿ ಹುಡುಕಬೇಕು. ಸೀಳಿನಲ್ಲಿ ಗರಗಸದ ಪುಡಿ ಸಿಕ್ಕಿದೆಯೇ ಎಂದು ದಪ್ಪ ಕಾಗದವನ್ನು ತೂರಿಸಿ ಎಳೆದು ನೋಡಿ. ಆ ನಾಲಗೆಯ ಬುಡದ ಬಳಿ ಮೇಲ್ಹಲಗೆ ಚೌಕಟ್ಟಿಗೆ ಪೂರ್ತಿ ಅಂಟಿದೆಯೇ ಎಂದು ಒಳಗಿನಿಂದ ಪರೀಕ್ಷಿಸಿ. ಬುಡದಲ್ಲಿ ಕೂದಲೆಳೆಯ ಬಿರುಕು ಬಂದಿದ್ದರೆ ತೆಳ್ಳನೆಯ ಸೂಪರ್ ಗ್ಲೂ ಹನಿಸಿ ಆರಲು ಬಿಡಬೇಕು.

ಪೆಟ್ಟಿಗೆಯೊಳಗಿನ ಗಾಳಿ

ಪೆಟ್ಟಿಗೆಯೊಳಗಿನ ಗಾಳಿಗೂ ತನ್ನದೇ ಆದ ಒಂದು ಸ್ವರವಿರುತ್ತದೆ. ಒಳಗಿನ ಗಾತ್ರ ಹೆಚ್ಚಿದಷ್ಟೂ ಅದು ಇಳಿಯುತ್ತದೆ, ತೆರಪು ಹೆಚ್ಚಿದಷ್ಟೂ ಏರುತ್ತದೆ. ಸೀಳುಗಳೇ ತೆರಪಿನ ಕೆಲಸ ಮಾಡುತ್ತವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ: ನಮ್ಮ ಮೂರು ಸಾಲುಗಳ ಸೀಳುಗಳನ್ನೆಲ್ಲ ಕೂಡಿಸಿದರೆ ಅವುಗಳ ವಿಸ್ತಾರ 40 ಚದರ ಸೆಂ.ಮೀ. ಸಮೀಪ ಬರುತ್ತದೆ, ಅದು 50 ಮಿ.ಮೀ. ವ್ಯಾಸದ ರಂಧ್ರದ ಇಮ್ಮಡಿ. ಆದ್ದರಿಂದ ರೂಢಿಯಿದೆ ಎಂದು ಪಕ್ಕದಲ್ಲಿ ರಂಧ್ರ ಕೊರೆಯಲು ಹೊರಡಬಾರದು. ರಂಧ್ರವಿಲ್ಲದೆ ಆರೂ ಸ್ವರಗಳನ್ನು ಕೇಳಿ. ಕೆಳಗಿನ ಸ್ವರಗಳು ತುಂಬಿ ಬಂದು ಮೇಲಿನವು ಬಡವಾಗಿ ಕೇಳಿದರೆ ಗಿಡ್ಡ ಬದಿಯಲ್ಲಿ 25 ಮಿ.ಮೀ. ರಂಧ್ರ ಮಾಡಿ, ಮತ್ತೆ ಕೇಳಿ, ಬೇಕಾದರೆ 40ಕ್ಕೆ ದೊಡ್ಡದು ಮಾಡಿ. ಮೇಲಿನವು ಗಟ್ಟಿಯಾಗಿದ್ದು ಎ3 ಸೊರಗಿದ್ದರೆ ರಂಧ್ರ ಬೇಡವೇ ಬೇಡ. ಯಾವುದೋ ಒಂದು ನಾಲಗೆಯ ಸ್ವರ ಗಾಳಿಯ ಸ್ವರಕ್ಕೆ ಸರಿಯಾಗಿ ಕೂಡಿಬಿಟ್ಟರೆ ಅದು ಉಳಿದವುಗಳಿಗಿಂತ ಜೋರಾಗಿ ಸಿಡಿದು ಬೇಗ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ ಒಂದೆರಡು ಮರದ ತುಂಡುಗಳನ್ನು ಅಂಟಿಸಿ ಒಳಗಾತ್ರವನ್ನು ತುಸು ಕಡಿಮೆ ಮಾಡಿದರೂ ಆ ಗಂಟು ಬಿಡುತ್ತದೆ.

ಮೆರುಗು

ಮೇಲ್ಮೈಯನ್ನು 120, 180, 240 ನಂಬರಿನ ಉಪ್ಪುಕಾಗದದಿಂದ ಎಳೆಯ ದಿಕ್ಕಿನಲ್ಲಿಯೇ ಉಜ್ಜಿ, ನಾಲಗೆಗಳ ಅಂಚನ್ನು ತುಸುವೇ ಗುಂಡಗೆ ಮಾಡಬೇಕು. ದಪ್ಪನೆಯ ವಾರ್ನಿಶ್ ಪದರ ನಾಲಗೆಗೆ ಭಾರವಾಗಿ ನಾದವನ್ನು ಮಂಕಾಗಿಸುತ್ತದೆ. ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಯನ್ನು (ಟಂಗ್ ಎಂಬ ಮರದ ಬೀಜದ ಎಣ್ಣೆ; ವಾದ್ಯದ ಹೆಸರಿಗೆ ಸಂಬಂಧವಿಲ್ಲ) ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಹದಿನೈದು ನಿಮಿಷದ ನಂತರ ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಬಿಟ್ಟು ಮತ್ತೊಂದು ಕೈ ಹಚ್ಚಿದರೆ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಅಂಥ ಬಟ್ಟೆಯನ್ನು ಬಯಲಿನಲ್ಲಿ ಹರಡಿ ಪೂರ್ತಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ತಳದ ನಾಲ್ಕು ಮೂಲೆಗಳಿಗೆ ಮೆತ್ತನೆಯ ರಬ್ಬರ್ ಪಾದಗಳನ್ನು ಹಾಕಿದರೆ ಕಂಪನ ಮೇಜಿಗೆ ಸೋರುವುದಿಲ್ಲ.

ಬಡಿಗೋಲು ಮತ್ತು ತಟ್ಟುವ ಜಾಗ

8 ಮಿ.ಮೀ. ದಪ್ಪ, 320 ಮಿ.ಮೀ. ಉದ್ದದ ಎರಡು ಗುಂಡು ಕೋಲುಗಳ ತುದಿಗೆ, 25 ಮಿ.ಮೀ. ವ್ಯಾಸದ ಗಟ್ಟಿ ರಬ್ಬರ್ ಚೆಂಡುಗಳನ್ನು ಅರ್ಧ ಆಳಕ್ಕೆ ಕೊರೆದು ಅಂಟಿಸಿದರೆ ಬಡಿಗೋಲುಗಳಾದವು. ರಬ್ಬರ್ ಮೆತ್ತಗಾದಷ್ಟೂ ಕೆಳಗಿನ ಸ್ವರಗಳು ದುಂಡಾಗಿ ಬರುತ್ತವೆ, ಗಟ್ಟಿಯಾದಷ್ಟೂ ತಟ್ಟಿದ ಸದ್ದು ಮುಂದಾಗುತ್ತದೆ. ಎರಡು ಬಗೆಯ ಜೋಡಿಗಳನ್ನು ಮಾಡಿಟ್ಟುಕೊಳ್ಳುವುದು ಲೇಸು.

ನಾಲಗೆಯನ್ನು ಎಲ್ಲಿ ತಟ್ಟಬೇಕು ಎಂಬುದಕ್ಕೂ ಲೆಕ್ಕವಿದೆ. ಮೂಲ ಸ್ವರದ ಜೊತೆಗೆ ನಾಲಗೆ ಅದರ 6.27 ಪಟ್ಟು ಕಂಪನಾಂಕದ ಇನ್ನೊಂದು ಸ್ವರವನ್ನೂ ಹೊರಡಿಸುತ್ತದೆ. ಅದು ಯಾವ ಸ್ವರಸ್ಥಾನಕ್ಕೂ ಹೊಂದದ, ಕಿರಿಕಿರಿಯ ಸ್ವರ. ಆದರೆ ತುದಿಯಿಂದ ಶೇಕಡಾ 22ರಷ್ಟು ಒಳಗೆ ಆ ಎರಡನೆಯ ಕಂಪನ ಚಲನೆಯಿಲ್ಲದೆ ನಿಂತಿರುವ ಬಿಂದುವೊಂದಿದೆ. ಅಲ್ಲಿ ತಟ್ಟಿದರೆ ಅದು ಏಳುವುದೇ ಇಲ್ಲ, ಮೂಲ ಸ್ವರ ಮಾತ್ರ ಶುದ್ಧವಾಗಿ ಕೇಳುತ್ತದೆ. 180 ಮಿ.ಮೀ. ನಾಲಗೆಯಲ್ಲಿ ಈ ಜಾಗ ತುದಿಯಿಂದ 40 ಮಿ.ಮೀ. ದೂರದಲ್ಲಿ ಬರುತ್ತದೆ. ಪ್ರತಿ ನಾಲಗೆಯಲ್ಲೂ ಅದನ್ನು ಅಳೆದು ಗುರುತಿಸಿ, ಉಳಿಯಿಂದ ತೆಳ್ಳಗೆ ಒಂದು ಚುಕ್ಕೆ ಕೆತ್ತಿಟ್ಟರೆ ಹೊಸಬರ ಕೈಗೂ ಬೇಗ ಅಭ್ಯಾಸವಾಗುತ್ತದೆ.

ಹೊಸ ವಾದ್ಯದ ಮರ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಕಾಣುವವರೆಗೆ ಸ್ವರಗಳು ಕೆಲವು ಸೆಂಟ್ ಆಚೀಚೆ ಸರಿಯುತ್ತವೆ. ಹವೆಯ ತೇವ ಹೆಚ್ಚಿದಾಗ ಇಳಿದು, ಒಣಗಿದಾಗ ಏರುವುದು ಸಹಜ. ಒಂದು ವರ್ಷ ತುಂಬಿದ ಮೇಲೆ ಒಣ ಹವೆಯಲ್ಲಿ ಆರೂ ನಾಲಗೆಗಳನ್ನು ಮತ್ತೆ ಪರೀಕ್ಷಿಸಿ, ಮೇಲೇರಿದವನ್ನು ಬುಡದ ರಂಧ್ರವನ್ನು ಉಪ್ಪುಕಾಗದದಿಂದ ತುಸು ಹಿಗ್ಗಿಸಿ ಇಳಿಸಿ. ಕೆಳಗಿಳಿದವನ್ನು ತುದಿಯ ಒಳಬದಿ ಸವೆಸಿ ಏರಿಸಿ. ಈ ಕೆಲಸಕ್ಕಾಗಿಯೇ ತಳದ ಸ್ಕ್ರೂಗಳನ್ನು ಆಗಲೂ ಅಂಟಿನಿಂದ ಮುಚ್ಚದೆ ಹಾಗೆಯೇ ಬಿಟ್ಟಿರಬೇಕು.